ಹೊಸ್ತಿಲಿಂದ ಹೊಸ್ತಿಲಿಗೆ

ಭೂಪಟದ ಮೇಲೆ ಸ್ಕೇಲು ಇಟ್ಟು ದೂರ ಅಳೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರಿಗೆ ಊರೆಂದರೆ ಚುಕ್ಕೆ, ದಾರಿಯೆಂದರೆ ಗೆರೆ. ಚುಕ್ಕೆಗೆ ಕೈಕೂಸಿಲ್ಲ, ಗೆರೆಗೆ ಮಂಡಿನೋವಿಲ್ಲ.

ಹುಬ್ಬಳ್ಳಿ, ಬೆಳಗಾವಿಯನ್ನೇ ನೋಡಿ. ಎರಡೂ ಕಡೆ ವಿಮಾನ ನಿಲ್ದಾಣವಿದೆ. ಹಕ್ಕಿ ಹಾರಿದಂತೆ ಅಳೆದರೆ ನಡುವೆ ಸುಮಾರು 75 ಕಿಲೋಮೀಟರು, ರಸ್ತೆಯಲ್ಲಿ ಹೆಚ್ಚುಕಡಿಮೆ 100. ಹಾರಿದರೆ ಅರ್ಧ ಗಂಟೆಯೂ ಬೇಡ ಎನ್ನುತ್ತಾರೆ. ಆದರೆ ಆ ಲೆಕ್ಕ ಒಂದು ರನ್‌ವೇಯಲ್ಲಿ ಶುರುವಾಗಿ ಇನ್ನೊಂದು ರನ್‌ವೇಯಲ್ಲಿ ಮುಗಿಯುತ್ತದೆ. ರನ್‌ವೇಯ ಮೇಲೆ ಯಾರು ಸಂಸಾರ ಹೂಡಿದ್ದಾರೆ? ಬೆಳಗಾವಿಯ ನಿಲ್ದಾಣವಿರುವುದು ಊರಾಚೆ ಸಾಂಬ್ರಾದಲ್ಲಿ. ಮನೆಯಿಂದ ಆಟೋ, ಗಂಟೆಗೆ ಮೊದಲೇ ಹಾಜರಿ, ತಪಾಸಣೆಯ ಸಾಲು, ಇಳಿದ ಮೇಲೆ ಸೂಟ್‌ಕೇಸಿಗೆ ಕಾಯುವುದು, ಮತ್ತೆ ಆಟೋ. ಅಷ್ಟರಲ್ಲಿ ಹೆದ್ದಾರಿಯ ಬಸ್ಸು ಹತ್ತಿದವಳು ತವರಿನ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿರುತ್ತಾಳೆ. ಬೆಂಗಳೂರಿನಲ್ಲಿ ವಿಮಾನ ಬದಲಾಯಿಸಿ ಹೋಗುತ್ತೇನೆಂದರಂತೂ ಈ 75 ಕಿ.ಮೀ.ಗಾಗಿ ಆಕಾಶದಲ್ಲಿ 800 ಕಿ.ಮೀ. ಸುತ್ತಬೇಕು!

ಹಾಗಾದರೆ ಸಣ್ಣ ಊರಿಗೆ ವಿಮಾನವೇ ಬೇಡವೇ? ಖಂಡಿತ ಬೇಕು. ಕಲಬುರಗಿಗೆ 2019ರಲ್ಲಿ ವಿಮಾನ ಬಂತು. ಅಲ್ಲಿಂದ ಬೆಂಗಳೂರು ಸುಮಾರು 600 ಕಿ.ಮೀ., ಇಡೀ ರಾತ್ರಿಯ ದಾರಿ. ಅಂಥ ಕಡೆ ವಿಮಾನ ಹೊತ್ತು ಉಳಿಸುತ್ತದೆ, ಕಾಯಿಲೆಯವರ ಜೀವವನ್ನೂ ಉಳಿಸೀತು. ನನ್ನ ತಕರಾರು ವಿಮಾನದ ಮೇಲಲ್ಲ, ಅಳತೆಯ ಮೇಲೆ.

ಶಿಡ್ಲಘಟ್ಟದವಳಿಗೆ ಈ ಉಸಾಬರಿ ಯಾಕೆ ಎನ್ನುತ್ತೀರಾ? ನಮಗೂ ಇದೇ ಲೆಕ್ಕ ಒಪ್ಪಿಸುತ್ತಾರೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಶುರುವಾದಾಗಿನಿಂದ "ನಿಮಗೇನಮ್ಮ, ಏರ್‌ಪೋರ್ಟು ಪಕ್ಕದಲ್ಲೇ" ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ನೇರ ಗೆರೆ ಎಳೆದರೆ 30 ಕಿ.ಮೀ.ಗೂ ಕಡಿಮೆ, ವಿಜಯಪುರದ ಮೇಲೆ ರಸ್ತೆಯಲ್ಲಿ ಸುಮಾರು 40. ಬೆಳಗಿನ ಜಾವದ ವಿಮಾನಕ್ಕೆ ಮಗಳನ್ನು ಕಳಿಸಿ ನೋಡಿ, ಆ ಪಕ್ಕ ಎಷ್ಟು ದೂರವೆಂದು ತಿಳಿಯುತ್ತದೆ. ಮಧ್ಯರಾತ್ರಿ ಬಾಡಿಗೆ ಕಾರು ಹುಡುಕಬೇಕು. ವಾಪಸು ಖಾಲಿ ಬರಬೇಕೆಂದು ಅವನು ಎರಡೂ ಕಡೆಯ ಬಾಡಿಗೆ ಕೇಳುತ್ತಾನೆ. ಹೆಣ್ಣುಮಗಳೊಬ್ಬಳನ್ನೇ ಕಳಿಸಲಾರದೆ ಮನೆಯವರೊಬ್ಬರು ಜೊತೆಗೆ ಹೊರಡುತ್ತಾರೆ. 2023ರಲ್ಲಿ ಶಕ್ತಿ ಯೋಜನೆ ಬಂದು ನಮಗೆ ಸಾಮಾನ್ಯ ಬಸ್ಸಿನ ಟಿಕೆಟ್ಟು ಪುಕ್ಕಟೆಯಾಯಿತು, ಸಂತೋಷ. ಬೇಕಾದ ಹೊತ್ತಿಗೆ ಬಸ್ಸೇ ಬರದಿದ್ದರೆ ಆ ಟಿಕೆಟ್ಟು ಇಟ್ಟುಕೊಂಡು ಏನು ಮಾಡುವುದು?

ಇನ್ನೊಂದು ವಿಷಯವಿದೆ. 2021ರ ಜನವರಿಯಲ್ಲಿ ಆ ವಿಮಾನ ನಿಲ್ದಾಣದ ಬಳಿ ರೈಲಿನ ಹಾಲ್ಟು ತೆರೆಯಿತು. ಅದೇ ಹಳಿ ಚಿಕ್ಕಬಳ್ಳಾಪುರ ದಾಟಿ ನಮ್ಮ ಶಿಡ್ಲಘಟ್ಟ, ಚಿಂತಾಮಣಿಯ ಮೇಲೆ ಕೋಲಾರಕ್ಕೆ ಹೋಗುತ್ತದೆ. ಹೊಸ ಹಳಿ ಹಾಕಿ ಎಂದು ನಾವು ಕೇಳುತ್ತಿಲ್ಲ. ವಿಮಾನದ ವೇಳೆಗೆ ಹೊಂದುವ ಗಾಡಿ ಬಿಡಿ, ಹಾಲ್ಟಿನಿಂದ ಟರ್ಮಿನಲ್ಲಿಗೆ ತಪ್ಪದ ಬಸ್ಸು ಕೊಡಿ ಎನ್ನುವುದು ದುರಾಸೆಯೇ?

ನಮ್ಮೂರಿನ ಫಿಲೇಚರಿನಲ್ಲಿ ದುಡಿಯುವ ಹೆಂಗಸರನ್ನು ಕೇಳಿ. ಒಳ್ಳೆಯ ದ್ವಿತಳಿ ಗೂಡು ಹೆಬ್ಬೆರಳಿನಷ್ಟೂ ಇರುವುದಿಲ್ಲ, ಅದರೊಳಗಿನ ಎಳೆ ಸಾವಿರ ಮೀಟರಿನಷ್ಟು. ಬಿಸಿನೀರಿನಲ್ಲಿ ಕೈಯಿಟ್ಟು ಬಿಚ್ಚಿದವಳಿಗೆ ಮಾತ್ರ ಅದರ ಉದ್ದ ಗೊತ್ತು. ದಾರಿಯ ಉದ್ದವನ್ನೂ ನಡೆಯುವವರನ್ನು ಕೇಳಿ ಬರೆದುಕೊಳ್ಳಲಿ. ಮುಂದೆ ಯಾರಾದರೂ "ಪಕ್ಕದಲ್ಲೇ" ಎಂದರೆ ಸುಮ್ಮನಿರಬೇಡಿ. ಯಾರ ಹೊಸ್ತಿಲಿಂದ, ಎಷ್ಟು ಹೊತ್ತಿಗೆ, ಯಾವ ಬಸ್ಸಿನಲ್ಲಿ ಎಂದು ಕೇಳಿ.