ಗುಡಿಯಿಲ್ಲದ ದೈವಗಳನ್ನೂ ಬರೆದಿಡಬೇಕು

ರಷ್ಯಾದ ಹಳ್ಳಿಗರು ಮನೆ ಬದಲಿಸುವಾಗ ಹಳೆ ಒಲೆಯ ಕೆಂಡವನ್ನು ಮಡಕೆಯಲ್ಲಿ ಹೊಸ ಮನೆಗೆ ಒಯ್ಯುತ್ತಿದ್ದರು. ಒಲೆಯ ಹಿಂದೆ ಇರುವ ಮುದುಕ ದೈವ ದೊಮೊವೊಯ್‌ನನ್ನೂ ಜೊತೆಗೆ ಬಾ ಎಂದು ಕರೆಯುತ್ತಿದ್ದರು. ಸ್ಲಾವ್ ಜನರ ಇಂಥ ನಂಬಿಕೆಗಳನ್ನು ಅಲೆಕ್ಸಾಂಡರ್ ಅಫನಾಸ್ಯೆವ್ 1865ರಿಂದ 1869ರೊಳಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ. ಇತ್ತ ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಮನೆದೇವರೆಂದರೆ ಕುಲದೇವರು. ಗುರುಗುಂಟಾದ ಅಮರೇಶ್ವರನಿಗೆ, ಸೋಮಲಾಪುರದ ಅಂಬಾದೇವಿಗೆ ಗುಡಿಯಿದೆ, ಜಾತ್ರೆಯಿದೆ, ಅವರ ಕಥೆ ಹೇಳುವವರೂ ಇದ್ದಾರೆ. ಗುಡಿಯೇ ಇಲ್ಲದವರು ಮನೆಯೊಳಗಿದ್ದಾರೆ: ದಿನಾ ಅರಿಶಿಣ ಕುಂಕುಮ ಕಾಣುವ ಹೊಸ್ತಿಲು, ಒಲೆ, ದೀಪಾವಳಿಗೆ ಸಗಣಿಯಲ್ಲಿ ಮೂಡುವ ಪಾಂಡವರು, ಹೆರಿಗೆಯಾದ ಐದನೇ ರಾತ್ರಿ ಕೂಸಿನ ಹಣೆಬರಹ ಬರೆಯಲು ಬರುವ ಶೆಟಿಗೆವ್ವ. ಇವರನ್ನು ನೋಡಿಕೊಂಡವರು ಹೆಂಗಸರು. ನಮ್ಮ ಜಾನಪದ ಸಂಗ್ರಹ ಮಂಟೇಸ್ವಾಮಿ, ಮಲೆ ಮಾದೇಶ್ವರರ ಮಹಾಕಾವ್ಯಗಳಿಗೆ ಕೊಟ್ಟ ಶ್ರಮವನ್ನು ಈ ಗುಡಿಯಿಲ್ಲದ ದೈವಗಳಿಗೆ ಕೊಟ್ಟಿಲ್ಲ. ಅದು ದೊಡ್ಡ ಕೊರತೆ.

ಈ ದೈವಗಳು ನಿಂತ ಜಾಗ ನೋಡಿ. ರಷ್ಯಾದ ಮರದ ಮನೆಯಲ್ಲಿ ಬೆಂಕಿಯೇ ಜೀವ, ಬೆಂಕಿಯೇ ಭಯ. ದೊಮೊವೊಯ್ ಅಲ್ಲೇ ಕೂತ. ನಮ್ಮಲ್ಲಿ ಹಾವು ಚೇಳು ಒಳಬರುವ ದಾರಿ ಹೊಸ್ತಿಲು. ದಿನಕ್ಕೊಮ್ಮೆ ಅದನ್ನು ಬಗ್ಗಿ ತೊಳೆದವಳ ಕಣ್ಣಿಗೆ ಬಿರುಕೂ ಬೀಳುತ್ತದೆ, ತೂತೂ ಬೀಳುತ್ತದೆ. ಶೆಟಿಗೆವ್ವನದು ಇನ್ನೂ ಗಟ್ಟಿ ಸಾಕ್ಷಿ. ಹುಟ್ಟಿದ ಮೊದಲ 28 ದಿನಗಳಲ್ಲಿ ತೀರಿಕೊಳ್ಳುವ ಶಿಶುಗಳಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲ ವಾರದಲ್ಲೇ ಹೋಗುತ್ತವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ವಾರದ ನಡುವೆಯೇ ದೀಪ ಆರದಂತೆ, ಬಾಣಂತಿ ಒಂಟಿಯಾಗದಂತೆ ಒಂದು ರಾತ್ರಿ ಎಚ್ಚರವಿರಲು ಮನೆಮಂದಿಗೆ ಕಾರಣ ಕೊಟ್ಟವಳು ಅವಳು. ಅಪಾಯ ಎಲ್ಲಿದೆಯೋ ಅಲ್ಲಿ ದೈವವಿದೆ. ಹಾಗಾಗಿ ಈ ನಂಬಿಕೆಗಳನ್ನು ಬರೆದಿಟ್ಟರೆ ಮನೆಗೆಲಸದ, ಮನೆಯ ಅಂಜಿಕೆಯ ಚರಿತ್ರೆಯನ್ನೇ ಬರೆದಿಟ್ಟಂತೆ.

ಇದು ಮೂಢನಂಬಿಕೆಗೆ ನೀರೆರೆಯುವುದಲ್ಲವೇ ಎಂದು ಕೇಳುವವರಿದ್ದಾರೆ. ಕೂಸಿಗೆ ಜ್ವರ ಬಂದರೆ ಆಸ್ಪತ್ರೆಗೇ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ದಾಖಲಿಸುವುದೇ ಬೇರೆ, ನಂಬಿಸುವುದೇ ಬೇರೆ. ಇದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ: ಇದೇ ಹೊಸ್ತಿಲು ಕೆಲವು ಜಾತಿಯವರನ್ನು ಹೊರಗೆ ನಿಲ್ಲಿಸಿತು, ಮುಟ್ಟಾದ ಹೆಂಗಸನ್ನು ಒಳಗೆ ಬಿಡಲಿಲ್ಲ. ಅಪಾಯದ ವಾದ ಇದನ್ನು ಸಮರ್ಥಿಸಲಾರದು, ಸಮರ್ಥಿಸಲೂಬಾರದು. ಯಾರು ಯಾರಿಗೆ ಅಂಜಿದರು, ಯಾರನ್ನು ದೂರವಿಟ್ಟರು ಎಂಬುದೂ ಅದೇ ಪುಟದಲ್ಲಿ ಬರಬೇಕು. ಹೀಗೆ ಬರೆದಿಡುವ ಕೆಲಸಕ್ಕೆ ಸಿಂಧನೂರಿನಷ್ಟು ತಕ್ಕ ಜಾಗ ಸಿಗುವುದು ಕಷ್ಟ. ತುಂಗಭದ್ರಾ ಎಡದಂಡೆ ಕಾಲುವೆ ಜೋಳದ ಹೊಲಕ್ಕೆ ಭತ್ತ ತಂದಿತು, ಆಂಧ್ರದ ರೈತರು ಕ್ಯಾಂಪ್ ಕಟ್ಟಿದರು, ಪೂರ್ವ ಬಂಗಾಳ ಬಿಟ್ಟುಬಂದ ಕುಟುಂಬಗಳು ಆರ್‌ಎಚ್ (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ನೆಲೆ ನಿಂತವು. ಅತ್ತ ಮಸ್ಕಿ, ಲಿಂಗಸುಗೂರಿನ ಹಳ್ಳಿಗಳಿಂದ ಬೆಂಗಳೂರಿಗೆ ಗುಳೆ ಹೋಗುವುದು ನಿಂತಿಲ್ಲ. ಇವರೆಲ್ಲ ಹೊರಡುವಾಗ ಒಲೆಯಿಂದ, ಜಗಲಿಯಿಂದ ಏನನ್ನು ಕಟ್ಟಿಕೊಂಡರು, ಏನನ್ನು ಬಿಟ್ಟರು? ಗೋಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇಲ್ಲಿನ ಕಾಲೇಜು ಹುಡುಗಿಯರ ಕೈಗೆ ಈ ಪ್ರಶ್ನೆ ಕೊಟ್ಟು ಕಳಿಸಲಿ. ಉತ್ತರ ಗೊತ್ತಿರುವ ಅಜ್ಜಿಯರು ಇನ್ನೂ ಇದ್ದಾರೆ.