ಆಕ್ರಮಣ ಯಾರದಾದರೂ ಆಕ್ರಮಣವೇ

"ಉಕ್ರೇನಿನ ಉಸಾಬರಿ ನಮಗೇಕೆ? ದೊಡ್ಡವರ ಜಗಳ ಅದು. ನಮ್ಮ ಹೊಟ್ಟೆ ನಾವು ನೋಡಿಕೊಂಡರೆ ಸಾಕು." ಹಾವೇರಿಯ ಚಹದಂಗಡಿಯಲ್ಲಿ, ರಾಣೇಬೆನ್ನೂರಿನ ಗಿರಣಿಯ ಬಾಗಿಲಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ಅಡತಿಯಲ್ಲಿ ಈ ಮಾತನ್ನು ನಾವು ಹಲವು ಸಲ ಕೇಳಿದ್ದೇವೆ. ಆಡುವವರು ಕೆಟ್ಟವರಲ್ಲ, ದುಡಿದು ಉಣ್ಣುವ ನಮ್ಮವರೇ. ಆದರೆ ಮಾತು ಮಾತ್ರ ತಪ್ಪು. ಏಕೆಂಬುದನ್ನು ಹೇಳುತ್ತೇವೆ.

2022ರ ಫೆಬ್ರುವರಿ 24ರಂದು ರಶಿಯದ ಸೈನ್ಯ ಉಕ್ರೇನಿನ ಮೇಲೆ ನುಗ್ಗಿತು. ಆ ದೇಶದ ಗಡಿಯನ್ನು ಗೌರವಿಸುತ್ತೇವೆಂದು 1994ರಲ್ಲಿ ಬುಡಾಪೆಸ್ಟಿನಲ್ಲಿ ಬರೆದುಕೊಟ್ಟಿದ್ದು ಇದೇ ರಶಿಯ. ಅದನ್ನು ನಂಬಿ ಉಕ್ರೇನು ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟುಕೊಟ್ಟಿತು. ಬರೆದುಕೊಟ್ಟ ಕಾಗದವನ್ನೇ ಹರಿದು ಹಾಕುವವನಿಗೆ ನಮ್ಮ ಪೇಟೆಯಲ್ಲಿ ಯಾರಾದರೂ ಉದ್ರಿ ಕೊಡುತ್ತಾರೆಯೇ?

ಮಾರ್ಚ್ 1ರಂದು ಖಾರ್ಕೀವ್ ನಗರದ ಮೇಲಿನ ದಾಳಿಯಲ್ಲಿ ನಮ್ಮ ರಾಣೇಬೆನ್ನೂರು ತಾಲ್ಲೂಕಿನ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಸತ್ತ. ಮರುದಿನವೇ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಆಕ್ರಮಣವನ್ನು ಖಂಡಿಸುವ ಗೊತ್ತುವಳಿ ಬಂತು. 141 ದೇಶಗಳು ಪರವಾಗಿ ನಿಂತವು, 5 ವಿರೋಧಿಸಿದವು, 35 ತಟಸ್ಥವಾಗಿ ಕುಳಿತವು. ಕುಳಿತವರಲ್ಲಿ ಭಾರತವೂ ಒಂದು. ಹುಡುಗನ ಶವ ಇನ್ನೂ ಊರು ಮುಟ್ಟಿರಲಿಲ್ಲ. ಇದು ನಮ್ಮ ಉಸಾಬರಿಯಲ್ಲ ಎನ್ನುವವರು ಆ ತಾಲ್ಲೂಕಿನಲ್ಲಿ ನಿಂತು ಹೇಳಲಿ!

"1971ರಲ್ಲಿ ರಶಿಯ ನಮ್ಮ ಕೈ ಹಿಡಿಯಿತು" ಎನ್ನುತ್ತಾರೆ. ನಿಜ. ಆದರೆ ಅಂದು ಕೈ ಹಿಡಿದದ್ದು ಸೋವಿಯತ್ ಒಕ್ಕೂಟ, ಅದರಲ್ಲಿ ಉಕ್ರೇನೂ ಇತ್ತು. ಅಣ್ಣತಮ್ಮಂದಿರಿಬ್ಬರ ಹಂಗೂ ನಮ್ಮ ಮೇಲಿರುವಾಗ, ಅಣ್ಣ ತಮ್ಮನ ಮನೆಗೆ ಬೆಂಕಿ ಇಟ್ಟರೆ ಸುಮ್ಮನಿರುವುದು ಯಾವ ಕೃತಜ್ಞತೆ?

"ನೇಟೋ ಕೂಟ ರಶಿಯವನ್ನು ಕೆಣಕಿತು" ಎನ್ನುತ್ತಾರೆ. ಅಮೆರಿಕದ ಕೂಟಗಳ ಮೇಲೆ ನಮಗೂ ಪ್ರೀತಿಯಿಲ್ಲ. ಆದರೆ ಕೆಣಕಿದವನೊಬ್ಬ, ಹೊಡೆತ ತಿಂದವನು ಇನ್ನೊಬ್ಬ ಎಂದರೆ ಅದು ನ್ಯಾಯವಲ್ಲ.

"ಅಗ್ಗದ ಎಣ್ಣೆ ಸಿಕ್ಕಿತಲ್ಲ" ಎನ್ನುತ್ತಾರೆ. ಯಾರಿಗೆ ಸಿಕ್ಕಿತು? ರಶಿಯದ ಕಚ್ಚಾ ತೈಲ ಹಡಗುಗಟ್ಟಲೆ ಬಂದ ಕಾಲದಲ್ಲಿ, 2022ರ ಮೇ ತಿಂಗಳಿನಿಂದ 2024ರ ಮಾರ್ಚ್‌ವರೆಗೆ, ಬಂಕಿನ ಪೆಟ್ರೋಲಿನ ದರ ಬಹುಮಟ್ಟಿಗೆ ಇದ್ದಲ್ಲೇ ಇತ್ತು. ತೈಲ ಶುದ್ಧಿ ಮಾಡಿ ಹೊರದೇಶಕ್ಕೆ ಮಾರಿದ ಧಣಿಗಳು ಲಾಭ ಎಣಿಸಿಕೊಂಡರು. ನಮ್ಮ ಪಾಲಿಗೆ ಬಂದದ್ದು ಅಡಿಗೆ ಎಣ್ಣೆಯ ಬಿಸಿ. ಭಾರತ ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಉಕ್ರೇನಿನದು. ಯುದ್ಧ ಹತ್ತಿದೊಡನೆ ಅದರ ಬೆಲೆ ಏರಿತು. ಮಿರ್ಚಿ ಕರಿಯುವವನೂ ಕಿರಾಣಿ ಅಂಗಡಿಯವನೂ ಗಿರಣಿ ಕೂಲಿಯವನ ಹೆಂಡತಿಯೂ ಆ ದಂಡ ತೆತ್ತರು.

ಸರಕಾರಗಳ ತಕ್ಕಡಿಯಲ್ಲಿ ಕೊಳ್ಳಲು ಒಂದು ತೂಕ, ಮಾರಲು ಇನ್ನೊಂದು ತೂಕ. 2003ರಲ್ಲಿ ಅಮೆರಿಕ ಇರಾಕಿನ ಮೇಲೆ ಬಿದ್ದಾಗ ನಮ್ಮ ಪಾರ್ಲಿಮೆಂಟು ನಿಂದಾ ಗೊತ್ತುವಳಿ ಮಾಡಿತು. ಅದು ಸರಿಯೇ ಆಗಿತ್ತು. ಉಕ್ರೇನಿನ ಸರದಿ ಬಂದಾಗ ಆ ನಾಲಿಗೆ ಎಲ್ಲಿ ಹೋಯಿತು? ಈ ರೋಗ ಹೊಸದಲ್ಲ. 1956ರಲ್ಲಿ ಸುಯೆಜ್ ಮೇಲಿನ ದಾಳಿಯನ್ನು ದೆಹಲಿ ಕೂಡಲೇ ಖಂಡಿಸಿತು, ಹಂಗೇರಿಯೊಳಗೆ ಸೋವಿಯತ್ ಟ್ಯಾಂಕುಗಳು ನುಗ್ಗಿದಾಗ ತಡವರಿಸಿತು. ಜಯಪ್ರಕಾಶ ನಾರಾಯಣರು ಆಗ ಅದನ್ನು ಬಹಿರಂಗವಾಗಿ ಟೀಕಿಸಿದರು. 1968ರಲ್ಲಿ ಝೆಕೊಸ್ಲೊವಾಕಿಯದ ವಿಷಯದಲ್ಲಿ ಸರಕಾರ ಮತ್ತೆ ತಟಸ್ಥವಾದಾಗ ಅಶೋಕ ಮೆಹತಾ ಮಂತ್ರಿ ಪದವಿಯನ್ನೇ ಬಿಟ್ಟು ಹೊರಬಂದರು.

1962ರ ಅಕ್ಟೋಬರಿನಲ್ಲಿ ಚೀನ ನಮ್ಮ ಗಡಿ ದಾಟಿ ಬಂತು. ಅಂದು ಎಷ್ಟೋ ತಟಸ್ಥ ದೇಶಗಳು ಅದನ್ನು ಆಕ್ರಮಣಕಾರನೆಂದು ಕರೆಯಲು ಹಿಂಜರಿದವು. ಆ ಮೌನ ನಮ್ಮನ್ನು ಎಷ್ಟು ಚುಚ್ಚಿತು! ನಮ್ಮನ್ನು ಚುಚ್ಚಿದ ಮುಳ್ಳನ್ನು ಇನ್ನೊಬ್ಬರ ಕಾಲಿಗೆ ಇಡುವುದೇ? ನಾಳೆ ಮತ್ತೆ ನಮ್ಮ ಗಡಿಯಲ್ಲಿ ಗುಂಡು ಹಾರಿದರೆ ಯಾವ ಮುಖದಿಂದ ಜಗತ್ತಿನ ಬೆಂಬಲ ಕೇಳುವುದು?

ರಶಿಯದ ಜನರ ಮೇಲೆ ನಮಗೆ ಹಗೆಯಿಲ್ಲ. ಯುದ್ಧ ಬೇಡವೆಂದು ಬೀದಿಗಿಳಿದ ಸಾವಿರಾರು ರಶಿಯನ್ನರನ್ನು ಅಲ್ಲಿಯ ಪೊಲೀಸರು ಹಿಡಿದೊಯ್ದರು. ಸೆರೆಮನೆಯ ಭಯವಿದ್ದೂ ಅವರು ಬಾಯಿ ಬಿಟ್ಟರು. ಅಂಥ ಭಯವಿಲ್ಲದ ನಾವು ಬಾಯಿ ಮುಚ್ಚಿಕೊಂಡಿರುವುದು ನಾಚಿಕೆಗೇಡು.

ಬಂಧುಗಳೇ, ಮುಂದಿನ ಸಭೆಯಲ್ಲಿ ಪ್ರತಿಯೊಂದು ಕಾರ್ಮಿಕ ಸಂಘವೂ ವರ್ತಕರ ಸಂಘವೂ ಒಂದು ಗೊತ್ತುವಳಿ ಮಾಡಲಿ: ನೆರೆಯವನ ನೆಲಕ್ಕೆ ಸೈನ್ಯ ನುಗ್ಗಿಸಿದವನು ಅಮೆರಿಕವಾಗಲಿ, ರಶಿಯವಾಗಲಿ, ಚೀನವಾಗಲಿ, ಅವನು ಅಪರಾಧಿ. ಅದರ ಪ್ರತಿಯನ್ನು ನಮ್ಮ ಪಾರ್ಲಿಮೆಂಟು ಸದಸ್ಯರಿಗೆ ಕಳಿಸಿ, ಉತ್ತರ ಕೇಳಿ. ಉತ್ತರ ಬಾರದಿದ್ದರೆ ಮತದ ದಿನ ನೆನಪಿಡಿ.