ಒಡ್ಡಿನ ಆಚೆ, ಈಚೆ

ಗ್ರೀಸಿನ ಸ್ಟೋಯಿಕರು ತತ್ತ್ವಶಾಸ್ತ್ರವನ್ನು ಹೊಲಕ್ಕೆ ಹೋಲಿಸುತ್ತಿದ್ದರು. ತರ್ಕ ಅದರ ಬೇಲಿ, ಪ್ರಕೃತಿಯ ಅರಿವು ಮಣ್ಣು, ನೀತಿ ಬೆಳೆ. ರೋಣ, ಗಜೇಂದ್ರಗಡದ ಎರೆ ಹೊಲಗಳಲ್ಲಿ ಬೇಲಿಗಿಂತ ಒಡ್ಡಿಗೇ ಬೆಲೆ. ಬಿದ್ದ ಮಳೆಯನ್ನು ಹಿಡಿದು ನಿಲ್ಲಿಸುವುದು ಅದೇ. ಹೋಲಿಕೆಗೂ ನನಗೆ ಒಡ್ಡೇ ವಾಸಿ ಎನಿಸುತ್ತದೆ.

ಗುಲಾಮನಾಗಿದ್ದು ಮುಂದೆ ಗುರುವಾದ ಎಪಿಕ್ಟೆಟಸ್ ಮೊದಲು ಹಾಕಿಸುವುದೂ ಒಂದು ಒಡ್ಡನ್ನೇ: ಯಾವುದು ನಮ್ಮ ಕೈಯಲ್ಲಿದೆ, ಯಾವುದು ಇಲ್ಲ? ನಮ್ಮ ತೀರ್ಮಾನ, ಬಯಕೆ, ಪ್ರಯತ್ನ ಒಡ್ಡಿನ ಈಚೆ. ದೇಹ, ಆಸ್ತಿ, ಅಧಿಕಾರ ಆಚೆ. ಹಿಂಗಾರಿ ಜೋಳ, ಕಡಲೆ ನೆಚ್ಚಿಕೊಂಡವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹೊಲ ಹರಗುವುದು, ಹದ ನೋಡಿ ಕೂರಿಗೆ ಹೂಡುವುದು ಅವರದು. ಮಳೆ ಅವರದಲ್ಲ.

ಇದೇ ಮಾತು ಮೈಗಳ್ಳನ ಬಾಯಿಗೆ ಬಿದ್ದರೆ ಹಣೆಬರಹವಾಗುತ್ತದೆ. ರೋಗ ವಾಸಿಯಾಗುವುದು ಬರೆದಿದ್ದರೆ ವೈದ್ಯನೇಕೆ ಎಂದು ಆ ಕಾಲದಲ್ಲೂ ವಾದಿಸುವವರಿದ್ದರು. ವೈದ್ಯನನ್ನು ಕರೆಸುವುದೂ ಅದೇ ಬರಹದೊಳಗಿದೆ ಎಂಬುದು ಸ್ಟೋಯಿಕ ಗುರು ಕ್ರಿಸಿಪಸ್‌ನ ಉತ್ತರ. ಹಾಗೆ ನೋಡಿದರೆ, ಸುಗ್ಗಿಯನ್ನು ಬರೆದ ಕೈ ಬಿತ್ತಿಗೆಯನ್ನು ಬಿಟ್ಟಿರಲಾರದು.

ಇದಕ್ಕಿಂತ ಬಿರುಸಾದ ಆಕ್ಷೇಪವೊಂದಿದೆ: ತಾಳಿಕೋ ಎಂಬ ಬೋಧೆ ಆಳುವವರಿಗೇ ಲಾಭ. ಸ್ಟೋಯಿಕರಲ್ಲಿ ಮಾರ್ಕಸ್ ಔರೇಲಿಯಸ್‌ನಂಥ ಚಕ್ರವರ್ತಿಯೂ ಇದ್ದುದರಿಂದ ಅನುಮಾನ ಸಹಜವೇ. ಆದರೆ ವಿವೇಕ, ಧೈರ್ಯ, ಸಂಯಮಗಳ ಜೊತೆ ಅವರು ನ್ಯಾಯವನ್ನೂ ಸದ್ಗುಣವೆಂದು ಎಣಿಸಿದ್ದರು. ನರಗುಂದ, ನವಲಗುಂದಗಳ 1980ರ ರೈತ ಹೋರಾಟ ಇದಕ್ಕೆ ಒರೆಗಲ್ಲು. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ತಲುಪದ ಹೊಲಗಳಿಗೂ ಅಭಿವೃದ್ಧಿ ಕರ ಬಿತ್ತು. ಬರ ಮುಗಿಲಿನಿಂದ ಬರುತ್ತದೆ, ಕರ ಕಚೇರಿಯಿಂದ. ಎರಡಕ್ಕೂ ಒಂದೇ ನಿಟ್ಟುಸಿರು ಬಿಡುವುದು ಸಹನೆಯಲ್ಲ, ಲೆಕ್ಕ ತಪ್ಪಿದ್ದು. ಕರ ರದ್ದಾಗುವುದು ರೈತನ ಕೈಯಲ್ಲಿರಲಿಲ್ಲ, ನಿಜ. ಇದು ಅನ್ಯಾಯ ಎಂದು ಕೂಡಿ ನಿಂತು ಹೇಳುವುದು ಇತ್ತು.

ಆ ಜುಲೈ 21ರಂದು ಗುಂಡು ಹಾರಿ ರೈತರು ಸತ್ತರು. ನರಗುಂದದಲ್ಲಿ ಜನರ ಸಿಟ್ಟಿಗೆ ಪೊಲೀಸರೂ ಬಲಿಯಾದರು. ಕೋಪದ ಮೇಲೆಯೇ ಗ್ರಂಥ ಬರೆದ ಸೆನೆಕಾ ಇಲ್ಲಿ ನಮ್ಮನ್ನು ಸುಮ್ಮನೆ ಬಿಡುವುದಿಲ್ಲ: ನ್ಯಾಯ ಕೇಳುವುದಕ್ಕೆ ಕೋಪ ಬೇಕೇ ಬೇಕೆಂಬುದನ್ನು ಅವನು ಒಪ್ಪಲಿಲ್ಲ. ಗುಂಡಿನ ಎದುರು ನಿಂತವರಿಗೆ ಇದನ್ನು ಹೇಳಲು ನನಗೆ ನಾಲಿಗೆ ಏಳದು. ಆದರೂ 2015ರಲ್ಲಿ ಮಹದಾಯಿ ನೀರಿಗೆಂದು ಅದೇ ನರಗುಂದದಲ್ಲಿ ಧರಣಿ ಕೂತವರು ವರ್ಷಗಟ್ಟಲೆ ಕೂತೇ ಇದ್ದರು. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿದ ಮೇಲೂ ನೀರಿನ ಕೇಳಿಕೆ ನಿಲ್ಲಲಿಲ್ಲ.